ಮೂರು ಮನೆ ಸಾಕು

ನಾಳೆ ನೀನು ಡ್ರೈವರಲ್ಲ, ಜುಂಬೆರ್.
ಕೀಲಿಕೈ ಇತ್ತ ಕೊಡು.

ಕರೆಂಟು ಬಿಲ್ಲಿನ ಬೆನ್ನ ಮೇಲೆ
ನೀನು ಬರೆದಿಟ್ಟ ಪಟ್ಟಿ ನೋಡಿದೆ:
ಒಂಬತ್ತಕ್ಕೊಂದು, ಹತ್ತೂಕಾಲಿಗೆ ಇನ್ನೊಂದು,
ಊಟದ ಹೊತ್ತಿಗೆ ನಾಲ್ಕು ಮುಗಿದಿರಬೇಕು.
ಒಂದು ಹಗಲಿಗೆ ಏಳು ನೆಲಮಾಳಿಗೆ!
ಇದೇನು ವೈನು ಕುಡಿಯುವ ದಿನವೋ
ಅಂಚೆಯವನ ಸುತ್ತೋ?

ಇಪ್ಪತ್ತೆಂಟು ವರ್ಷ
ಕಂಡವರನ್ನೆಲ್ಲ ಕೂರಿಸಿಕೊಂಡು
ತೆಲಾವಿಯಿಂದ ಹೊರಟು ತೆಲಾವಿಗೇ ಬಂದೆ.
ಅವರು ಒಳಗಿಳಿದು ಹಾಡು ಹಚ್ಚಿದಾಗ
ನೀನು ಹೊರಗೆ, ಅಕ್ರೋಟು ಮರದಡಿ,
ಬಾನೆಟ್ಟಿಗೆ ಬೆನ್ನು ಕೊಟ್ಟು
ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದೆ.
ಈ ಕಣಿವೆಯ ಒಂದೊಂದು ಗೇಟಿನ ಮುಂದೂ
ನಿನ್ನ ಸಿಪ್ಪೆಯ ಗುಡ್ಡೆ.
ರಾತ್ರಿ ಬಂದರೆ ಅಂಗಿಗೆ ಪರರ ಅಮಲಿನ ವಾಸನೆ,
ತುಟಿಗೆ ಬರೀ ಉಪ್ಪು.

ಅದಕ್ಕೇ ಈ ಆತುರ, ಬಲ್ಲೆ.
ಆದರೂ ಸಾಲ ವಸೂಲಿಗೆ ಹೋದಂತೆ ಹೋಗಬಾರದು.

ಪೆನ್ನು ತಾ. ಮೂರು ಸಾಕು.

ಮೊದಲು ಎತೆರಿಯ ಮನೆ, ಹನ್ನೊಂದರ ಮೇಲೆ,
ಅಂಗಳಕ್ಕೆ ಬಿಸಿಲಿಳಿದು ಅವಳ ಮಂಡಿ ಸಡಿಲಾದ ಮೇಲೆ.
ಅಲ್ಲಿ ಬೋರ್ಡಿಲ್ಲ, ನಾಯಿಯಿದೆ.
ಕತ್ತಿನವರೆಗೆ ಮಣ್ಣಲ್ಲಿ ಹೂತ ಗುಡಾಣದ
ಕಲ್ಲಿನ ಮುಚ್ಚಳ ಸರಿಸಿ
ಉದ್ದ ಕೋಲಿನ ಸೋರೆಬುರುಡೆ ಇಳಿಬಿಟ್ಟು
ಜೇನುಬಣ್ಣದ ರ್ಕತ್ಸಿತೆಲಿ ಎತ್ತುತ್ತಾಳೆ.
ತೊಟ್ಟು, ಸಿಪ್ಪೆ, ಬೀಜದ ಸಮೇತ
ಆರು ತಿಂಗಳು ಕತ್ತಲಲ್ಲಿ ಕೂತು ಬಂದದ್ದನ್ನು
ಆರು ನಿಮಿಷಕ್ಕೆ ಕುಡಿದು ಎದ್ದರೆ
ಅವಳು ಬಯ್ಯುವುದಿಲ್ಲ,
ಮುಂದಿನ ಸಲ ಕರೆಯುವುದಿಲ್ಲ, ಅಷ್ಟೆ.

ಒಂದೂವರೆಯಿಂದ ಮೂರು: ಏನೂ ಇಲ್ಲ.
ಬರೆ, ದಪ್ಪ ಅಕ್ಷರದಲ್ಲೇ ಬರೆ.
ಅಲಾಜಾನಿಯ ದಂಡೆ, ದೋಣಿಯಾಕಾರದ ರೊಟ್ಟಿ,
ಉಪ್ಪು ಚೀಸು, ಸೀಳಿದ ಟೊಮೇಟೊ,
ನಿನ್ನ ಗೊರಕೆ.

ಆಮೇಲೆ ಆ ಗಾಜಿನ ಕಟ್ಟಡ.
ನನಗೆ ಬೇಡವಾಗಿತ್ತು; ನಿನಗೆ ನೋಡಬೇಕು,
ಹಿಂದಿನ ಸೀಟಿನವರ ಬಾಯಲ್ಲಿ
ಅಷ್ಟು ವರ್ಷ ಕೇಳಿದ್ದೀಯಲ್ಲ.
ಇಸ್ತ್ರಿ ಅಂಗಿಯ ಹುಡುಗಿ ನಾಲ್ಕು ಲೋಟ ಸಾಲಾಗಿಟ್ಟು
ಇದರಲ್ಲಿ ಚೆರ್ರಿ, ಇದರಲ್ಲಿ ತಂಬಾಕು,
ಇದರಲ್ಲಿ ಒದ್ದೆ ಚರ್ಮ ಅನ್ನುತ್ತಾಳೆ.
ತಲೆಯಾಡಿಸು. ಉಗುಳಲು ಬಕೆಟ್ಟಿಡುತ್ತಾರೆ;
ಅದರತ್ತ ನೀನು ನೋಡುವ ನೋಟ ಮಾತ್ರ
ಹುಡುಗಿಗೆ ಕಾಣದಿರಲಿ.

ಮೂರನೆಯದು.
ನಿನ್ನ ಪಟ್ಟಿಯಲ್ಲಿ ಏಳಿದ್ದವು, ಇದಿರಲಿಲ್ಲ.
ನನ್ನ ಮುಖ ನೋಡಿಯೇ ಬಿಟ್ಟಿದ್ದೀಯ.
ದೀಪವಿಲ್ಲದ ಆ ಚಳಿಗಾಲ
ಎರಡು ಚೀಲ ಹಿಟ್ಟು, ಒಂದು ಸೀಮೆಎಣ್ಣೆ ಒಲೆಗೆ
ಅಪ್ಪ ಬಿಟ್ಟುಕೊಟ್ಟ ನಲವತ್ತು ಸಾಲು ಸಪೆರಾವಿ.
ಕೊಂಡವನ ಮಗ ಜಾಜಾ ಈಗ
ಅದರಲ್ಲೇ ವೈನು ಮಾಡಿ, ಬೆಂಚು ಹಾಕಿ,
ಬಂದವರಿಗೆ ಸುರಿಯುತ್ತಾನಂತೆ. ಒಳ್ಳೆಯವನಂತೆ.
ಆ ದಾರಿ ಬಂದಾಗಲೆಲ್ಲ
ನಾನು ಎಡಗಡೆಯ ಬೆಟ್ಟ ನೋಡಿದೆ,
ನೀನು ಒಂದೂ ಮಾತಾಡದೆ ಗೇರು ಬದಲಿಸಿದೆ.

ನಾಳೆ ಇಳಿಯುತ್ತೇನೆ.
ಸ್ಟಿಯರಿಂಗ್ ಹಿಡಿದವಳು ಕುಡಿಯುವಂತಿಲ್ಲ;
ಒಂದು ತುಂಡು ರೊಟ್ಟಿಯ ಮೇಲೆ
ಎರಡು ಹನಿ ಬಿಡುತ್ತೇನೆ,
ಸತ್ತವರ ಪಾಲು ಎಷ್ಟೋ ಅಷ್ಟು.
ಹೇಗಿದೆ ಅಂತ ನೀನು ಹೇಳಬೇಕು.
ಚೆರ್ರಿ ತಂಬಾಕು ಬೇಡ, ನೇರ ಹೇಳು:
ಅಪ್ಪನದಕ್ಕಿಂತ ಚೆನ್ನಾಗಿದ್ದರೂ ಹೇಳು.

ಇಷ್ಟೇ ದಿನ. ಸಂಜೆ ಆರಕ್ಕೆ ಮನೆ.

ಇನ್ನೊಂದು ಗುಟ್ಟು, ನಗಬೇಡ.
ಮೂರೇ ಅಂದದ್ದು ಬರೀ ನೆಮ್ಮದಿಗಲ್ಲ.
ಮೂರನೆಯ ಯತ್ನಕ್ಕೆ ಲೈಸೆನ್ಸು ಸಿಕ್ಕವಳು ನಾನು,
ರಿವರ್ಸು ಇನ್ನೂ ಬರುವುದಿಲ್ಲ;
ಹೊಕ್ಕ ಗೇಟಿನಿಂದ ಹಿಂದೆ ಸರಿಯದೆ
ಸುತ್ತಿ ಹೊರಬರಬಹುದಾದ ಅಂಗಳ
ಈ ಕಣಿವೆಯಲ್ಲಿ ಇರುವುದೇ ಮೂರು,
ಎಣಿಸಿದ್ದೇನೆ.

ಬೀಜದ ಪೊಟ್ಟಣ ಮನೆಯಲ್ಲೇ ಬಿಡು.
ಹಿಂದಿನ ಸೀಟಿನಲ್ಲಿ ಕೂರು.
ದಾರಿ ಹೇಳಬೇಡ.